ಲಂಗರಿಗೆ ಕಟ್ಟಿದ ನೂಲು

ಶ್ರಾವಣ ಬಂತೆಂದರೆ ಬೆಟಗೇರಿಯ ನಮ್ಮ ಓಣಿಯಲ್ಲಿ ಒಂದು ವಾಸನೆ ಏಳುತ್ತದೆ. ಮಗ್ಗದವರು ನೂಲಿಗೆ ಗಂಜಿ ಹಚ್ಚಿ ಕಟ್ಟೆಯ ಮೇಲೆ ಹರವಿರುತ್ತಾರೆ. ಬಿಸಿಲಿಲ್ಲದೆ ಅದು ಒಣಗುವುದಿಲ್ಲ, ಜಿಟಿಜಿಟಿ ಮಳೆಗೆ ಹುಳಿತು ನಾರುತ್ತದೆ. ಹೊರಗಿನಿಂದ ಬಂದವರು ಮೂಗಿಗೆ ಸೆರಗು ಹಿಡಿಯುತ್ತಾರೆ. ನನಗೆ ಆ ವಾಸನೆ ಬಡಿದರೆ ಹೊಳೆ ನೆನಪಾಗುತ್ತದೆ. ಗಂಜಿಗೂ ಹೊಳೆಗೂ ಏನು ಸಂಬಂಧ ಎಂದು ಕೇಳಿದರೆ ಇಷ್ಟೆಲ್ಲ ಹೇಳಬೇಕಾಗುತ್ತದೆ.

ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಮಗ್ಗದಲ್ಲಿ ಎಳೆ ಹರಿಯಿತು. ನೇಯುತ್ತಿದ್ದ ಹುಡುಗಿ, "ಇದರ ಮನಿ ಹಾಳಾಗ, ಮತ್ತ ಹರೀತು ನೋಡು!" ಎಂದು ಶಾಪ ಹಾಕಿದಳು. ಗೋಡೆಯ ಈಚೆ ಕಂಡಿಕೆಗೆ ನೂಲು ಸುತ್ತುತ್ತ ಕೂತಿದ್ದ ನನ್ನ ಕೈ ತಾನಾಗಿ ನಿಂತಿತು. ಅವ್ವ ಒಲೆಯ ಮುಂದಿನಿಂದ ನೋಡಿದಳು. "ಯಾಕ ಶಾಂತವ್ವಾ, ಕೈ ನಿಂತ್ವು?" ಎಂದಳು. "ಏನಿಲ್ಲ ಬೇ" ಎಂದೆ. ಅವಳಿಗೆ ಗೊತ್ತು, ಒಲೆಯ ಕಟ್ಟಿಗೆ ಒಳಗೆ ನೂಕಿದಳು.

ನಮ್ಮಪ್ಪನ ಕಡೆಯವರು ಮೂಲದಲ್ಲಿ ತುಂಗಭದ್ರೆಯಲ್ಲಿ ದೋಣಿ ಹಾಕುವ ಅಂಬಿಗರು. ಹೊಳೆ ಸಾಕೆನಿಸಿ ಅಪ್ಪ ಬೆಟಗೇರಿಗೆ ಬಂದು, ಮಗ್ಗದವರಲ್ಲಿ ನೂಲಿಗೆ ಬಣ್ಣ ಹಾಕುವ ಕೆಲಸ ಹಿಡಿದ. ನಾನು ನೂಲಿನ ನಡುವೆ ಹುಟ್ಟಿದವಳು. ಆಡುತ್ತ ಆಡುತ್ತಲೇ ಎಳೆಗೆ ಎಳೆ ಸೇರಿಸಿ ಗಂಟು ಹಾಕುವುದನ್ನು ಕಲಿತೆ. ಮದುವೆಯ ವಯಸ್ಸಿಗೆ ಬಂದಾಗ ಅಪ್ಪ ಏನು ಮಾಡಿದ ಗೊತ್ತೇ? ತಾನು ಬಿಟ್ಟು ಬಂದ ಹೊಳೆಗೇ ನನ್ನನ್ನು ಕೊಟ್ಟ. ಮುಂಡರಗಿ ತಾಲೂಕಿನ ದಂಡೆಯ ಮೇಲೆ ಒಂದು ಸಣ್ಣ ಊರು. ಹೆಸರು ಹೇಳಿ ಏನು ಉಪಯೋಗ, ಆ ಹೆಸರಿನ ಬೋರ್ಡು ಈಗ ದಿಬ್ಬದ ಮೇಲಿನ ಹೊಸ ಪ್ಲಾಟಿನಲ್ಲಿ ನಿಂತಿದೆ. ಹೆಸರಿದ್ದ ಊರು ನೀರೊಳಗಿದೆ.

ನಮ್ಮವರ ಹೆಸರು ಫಕೀರಪ್ಪ. ಅವರ ಅವ್ವ ಶಿರಹಟ್ಟಿಯ ಮಠಕ್ಕೆ ಹರಕೆ ಹೊತ್ತು ಹಡೆದ ಮಗ. ಉದ್ದಕ್ಕೆ, ಕರ್ರಗೆ ಇದ್ದರು, ಮಾತು ಕಡಿಮೆ, ನಗು ಮಾತ್ರ ಬೇಗ ಬರುತ್ತಿತ್ತು. ನಮಗೆ ಮಕ್ಕಳಾಗಲಿಲ್ಲ. ಆ ಬಗ್ಗೆ ಊರೆಲ್ಲ ಮಾತಾಡಿತು, ಅವರು ಒಂದು ದಿನವೂ ಮಾತಾಡಲಿಲ್ಲ. ಹೊಳೆ ದಾಟಿಸುವ ದೋಣಿ ನಮ್ಮ ಬದುಕಾಗಿತ್ತು. ಹೊಳೆಗೆ ಅಡ್ಡ ಬ್ಯಾರೇಜು ಕಟ್ಟಿ ಮುಗಿಯಿತು, ನೀರು ನಿಲ್ಲಿಸುತ್ತಾರೆ ಎಂಬ ಖಬರು ಬಂತು. ಎಲ್ಲರೂ ಬಾಗಿಲು, ತೊಲೆ, ಜಂತಿ ಬಿಚ್ಚಿಕೊಂಡು ದಿಬ್ಬದ ಮೇಲೆ ಸರಕಾರ ಕೊಟ್ಟ ಹೊಸ ಪ್ಲಾಟಿಗೆ ಏರಿದೆವು. ಗೋಡೆಗಳಷ್ಟೇ ಉಳಿದವು. ನಮ್ಮ ಮನೆಯ ಹೊಸ್ತಿಲು ಒಂದು ಕರಿಯ ಬಂಡೆ, ನಮ್ಮವರ ಅಜ್ಜ ಹೊಳೆಯ ಮಡುವಿನಿಂದ ಎತ್ತು ಹೂಡಿ ಎಳೆಸಿದ್ದರಂತೆ. ನಾಲ್ಕು ಜನ ಹಾರೆ ಹಾಕಿದರೂ ಅದು ಮಿಸುಕಲಿಲ್ಲ. "ಇರ್ಲಿ ಬಿಡು, ಹೊಳಿಯಿಂದ ಬಂದಿದ್ದು, ಹೊಳಿಗೇ ಇರ್ಲಿ" ಎಂದು ಅವರು ಬಾಯಿಂದ ಹೇಳಿದರು. ಬಂಡಿ ಹೊರಟ ಮೇಲೂ ಹೊರಳಿ ಹೊರಳಿ ನೋಡುತ್ತಿದ್ದರು.

ನಾನು ಹೇಳುವುದು ನೀರು ಏರಿದ ಮರುವರ್ಷದ ಮಾತು. ಆ ವರ್ಷವನ್ನು ನಾನು ಹೇಗೆ ಮರೆಯಲಿ.

ನೀರು ನಿಂತು ದಂಡೆಯ ಹಾದಿಗಳೆಲ್ಲ ಮುಳುಗಿದ ಮೇಲೆ ದಾಟುವವರು ಯಾರೂ ಬರಲಿಲ್ಲ. ದೋಣಿ ಇತ್ತು, ಕೆಲಸ ಇರಲಿಲ್ಲ. ಮೀನು ಹಿಡಿಯಲು ನಡುಹೊಳೆಗೆ ಹೋದವರು ಬರಿಗೈಯಲ್ಲಿ ಬಂದರು. ಆಗ ನಮ್ಮವರು ಒಂದು ಮಾತು ಹೇಳಿದರು. ಹರೆಯದಲ್ಲಿ ಅವರು ಕಾರವಾರದ ಕಡೆ ಮೀನಿನ ದೋಣಿಗೆ ದುಡಿಯಲು ಹೋಗಿದ್ದರು. ಅಲ್ಲಿ ಸಮುದ್ರದೊಳಗೆ ಬಂಡೆ ಇದ್ದ ಕಡೆ, ಹಳೆಯ ಹಡಗು ಮುಳುಗಿದ ಕಡೆ ಮೀನು ಗುಂಪುಗಟ್ಟುತ್ತವೆ, ಅಲ್ಲೇ ಸಣ್ಣ ದೋಣಿಗೆ ಲಂಗರು ಹಾಕಿ ಗಾಳ ಬಿಡುತ್ತಾರೆ ಎಂದು ಕಂಡುಕೊಂಡಿದ್ದರು. "ಅಲ್ಲಿ ಮುಳುಗಿದ ಹಡಗು, ಇಲ್ಲಿ ಮುಳುಗಿದ ಮನಿ. ಮೀನಕ್ಕ ಎರಡೂ ಒಂದ. ಅದಕ್ಕ ಬೇಕಾಗಿದ್ದು ಗ್ವಾಡಿ, ಸಂದಿ, ನೆರಳು" ಎಂದರು.

ಮರುದಿನ ನಾವಿಬ್ಬರೂ ಹೊರಟೆವು. ಬೇರೆ ಯಾರ ಮನೆಯ ಮೇಲೂ ಅವರು ಲಂಗರು ಇಳಿಸಲಿಲ್ಲ, ನೇರ ನಮ್ಮ ಮನೆಗೇ ಹೋದರು. ನೀರಿನ ಮೇಲೆ ಮನೆಯನ್ನು ಹುಡುಕುವುದು ಹೇಗೆಂದು ಆಶ್ಚರ್ಯವಾಗಬಹುದು. ಊರಿನ ಒಂದು ಲೈಟಿನ ಕಂಬದ ತುದಿ ನೀರ ಮೇಲೆ ಉಳಿದಿತ್ತು. ಆ ತುದಿಯೂ ದೂರದ ಕಪ್ಪತಗುಡ್ಡದ ಮೇಲಿನ, ಕರೆಂಟು ಮಾಡುವ ಮೊದಲ ಗಾಳಿಫ್ಯಾನೂ ಒಂದೇ ಗೆರೆಗೆ ಬಂದು, ಎಡಗಡೆ ಗುಡಿಯ ಕಳಸ ಕಂಡರೆ ಅದು ನಮ್ಮ ಅಂಗಳ. ಅಲ್ಲಿ ಗಾಳಕ್ಕೆ ಎರೆಹುಳು ಸಿಕ್ಕಿಸಿ ಬಿಟ್ಟರು. ತುಸು ಹೊತ್ತಿಗೆ ಮೊಳದುದ್ದದ ಬಾಳೆಮೀನು ಬಂತು. "ಶಾಂತಾ, ಇದು ನಮ್ಮ ಅಡಗಿಮನಿಯಾಗಿಂದು" ಎಂದು ನಕ್ಕರು. ನಾನೂ ನಕ್ಕೆ.

ಸುದ್ದಿ ಹಬ್ಬಿತು. ದೋಣಿ ಇದ್ದವರೆಲ್ಲ ಬಂದರು. ಯಾರೂ ಕೂತು ಪಂಚಾಯಿತಿ ಮಾಡಲಿಲ್ಲ, ಯಾರೂ ಆಣೆ ಹಾಕಿಸಲಿಲ್ಲ, ಆದರೂ ಒಂದು ಪದ್ಧತಿ ತಾನೇ ನಿಂತಿತು. ಅವರವರ ಮನೆಯ ಮೇಲೆ ಅವರವರ ದೋಣಿ. ಗೌಡರ ವಾಡೆಯ ಮೇಲೆ ಮೀನು ರಾಶಿ ಇದ್ದರೂ ಅಲ್ಲಿ ಯಾರೂ ಗಾಳ ಬಿಡುತ್ತಿರಲಿಲ್ಲ. ಓಣಿ ಮೊದಲಿನ ಹಾಗೇ ಕೂಡಿತು ಎನ್ನಿ. ನಮ್ಮ ಬಲಗಡೆ ಹನುಮಪ್ಪ ಮಾವನ ಮನೆ ಇತ್ತು, ಈಗ ಬಲಗಡೆ ಅವನ ದೋಣಿ. ಅವನು ಬೀಡಿ ಹಚ್ಚಿಕೊಂಡು, "ಫಕೀರಾ, ನಿಮ್ಮ ಮನ್ಯಾಗ ಏನ ಅಡಗಿ ಇವತ್ತ?" ಎಂದು ಕೂಗುತ್ತಿದ್ದ. "ಜಿಲೇಬಿ ಮೀನ ಮಾವಾ, ಬಾ ಊಟಕ್ಕ" ಎಂದು ನಮ್ಮವರು ಅನ್ನುತ್ತಿದ್ದರು. ನೀರಿನ ಮೇಲೆ ಕೂತು ಎಂಥ ಚೇಷ್ಟೆ ಎಂದು ನಾನು ಬೈಯುತ್ತಿದ್ದೆ. ಒಳಗೊಳಗೆ ಸುಖವಾಗುತ್ತಿತ್ತು, ಖರೆ ಹೇಳುತ್ತೇನೆ.

ಮೀನಿಗಿಂತ ಲಂಗರಿನದೇ ದೊಡ್ಡ ಕೆಲಸ. ಮನೆಯ ಮೇಲೆ ನೇರವಾಗಿ ಲಂಗರು ಬಿಡಬಾರದು. ಕಲ್ಲಿನ ಸಂದಿಯಲ್ಲಿ ಸಿಕ್ಕರೆ ಹೋಯಿತು. ನೀರು ಬರುವ ಕಡೆಗೆ, ಮನೆಯ ಮುಂದಿನ ಓಣಿಯಲ್ಲಿ ಅದನ್ನು ಇಳಿಸಿ, ಹಗ್ಗ ಸಡಿಲ ಬಿಡುತ್ತ ಬಿಡುತ್ತ ದೋಣಿಯನ್ನು ಮನೆಯ ಮೇಲೆ ಬಿಟ್ಟುಕೊಳ್ಳಬೇಕು. ಇಷ್ಟು ಮಾಡಿದರೂ ಒಮ್ಮೊಮ್ಮೆ ಅದು ಜಾರುತ್ತ ಬಂದು ಬಿದ್ದ ಗೋಡೆಗೆ ಕಚ್ಚುತ್ತದೆ. ಮೊದಲ ತಿಂಗಳಲ್ಲಿ ಮುಂಡರಗಿಯಲ್ಲಿ ವೆಲ್ಡಿಂಗ್ ಮಾಡಿಸಿದ ಲಂಗರುಗಳು ಒಂದರ ಹಿಂದೆ ಒಂದು ನೀರುಪಾಲಾದವು. ಆಮೇಲೆ ಅವರು ಸಮುದ್ರದ ಕಡೆಯ ಉಪಾಯ ತೆಗೆದರು. ಹಗ್ಗವನ್ನು ಲಂಗರಿನ ತಲೆಯ ಬಳೆಗೆ ಕಟ್ಟುವುದಿಲ್ಲ, ಬುಡಕ್ಕೆ, ಕೊಕ್ಕೆಗಳು ಇರುವ ಕಡೆಗೆ ಗಟ್ಟಿ ಗಂಟು. ಅಲ್ಲಿಂದ ಹಗ್ಗವನ್ನು ಮೇಲಕ್ಕೆ ತಂದು ಬಳೆಯ ಹತ್ತಿರ ತೆಳ್ಳನೆಯ ನೂಲಿನಿಂದ ಬಿಗಿಯುವುದು. ದಿನದ ಎಳೆತಕ್ಕೆ ಆ ನೂಲು ತಡೆಯುತ್ತದೆ. ಲಂಗರು ಸಿಕ್ಕಿಬಿದ್ದಾಗ ಜೋರಾಗಿ ಜಗ್ಗಿದರೆ ನೂಲು ಪಟ್ಟನೆ ಹರಿಯುತ್ತದೆ, ಎಳೆತ ಬುಡಕ್ಕೆ ಹೋಗಿ ಲಂಗರು ಹಿಂದುಮುಂದಾಗಿ ಬಿಡಿಸಿಕೊಂಡು ಬರುತ್ತದೆ. ನೂಲು ಹರಿಯಬೇಕು, ಅದೇ ಅದರ ಕೆಲಸ. ಹರಿಯದಿದ್ದರೆ ಲಂಗರೂ ಇಲ್ಲ, ದೋಣಿಯೂ ಇಲ್ಲ.

ಆ ನೂಲು ನನ್ನ ತವರಿನದು. ಮಗ್ಗದಲ್ಲಿ ಉಳಿದ ತುಂಡು ನೂಲನ್ನು ಅವ್ವ ನನಗಾಗಿ ಉಂಡೆ ಕಟ್ಟಿ ಇಡುತ್ತಿದ್ದಳು. ಬಳೆಗೆ ಬಿಗಿಯುವವಳೂ ನಾನೇ. ಎರಡು ಸುತ್ತು, ಒಂದು ಮಡಿಕೆ, ನಮ್ಮ ಮಗ್ಗದವರ ಗಂಟು. ನಮ್ಮವರ ಬೆರಳು ಹುಟ್ಟು ಹಾಕಿ ಹಾಕಿ ಒಡ್ಡಾಗಿದ್ದವು, ಎಷ್ಟು ತೋರಿಸಿದರೂ ಆ ಗಂಟು ಅವರಿಗೆ ಬರಲಿಲ್ಲ, ಜಾರಿಹೋಗುತ್ತಿತ್ತು. "ಒಮ್ಮೆ ಚಿತ್ತ ಇಟ್ಟು ಕಲೀರಿ, ನಾ ಇಲ್ಲದಾಗ ಏನ ಮಾಡ್ತೀರಿ?" ಎಂದು ನಾನು ರೇಗಿದರೆ, "ನೀ ಇದ್ದೀಯಲ್ಲ" ಎನ್ನುವುದು. ಅಷ್ಟೇ ಉತ್ತರ. ಒಂದು ಸಲ ಅಲ್ಲ, ಪ್ರತಿ ಸಲ.

ದೋಣಿಯಲ್ಲಿ ನನ್ನ ಇನ್ನೊಂದು ಕೆಲಸ ಹುಟ್ಟು ಹಿಡಿದು ಕೂಡುವುದು. ಅವರ ಎರಡೂ ಕೈ ಗಾಳದ ದಾರದ ಮೇಲೆ ಇರುವಾಗ, ನೂಲು ಸುಮ್ಮನೆ ಹರಿದು ಲಂಗರು ಜಾರದ ಹಾಗೆ ನಾನು ಹಿಂದಿನಿಂದ ಹುಟ್ಟು ಆಡಿಸುತ್ತ ದೋಣಿಯ ಭಾರ ಹಗುರ ಮಾಡಬೇಕು. ಹಿಂಗಾರಿ ಕಳೆಯಿತು, ಸುಗ್ಗಿ ಕಳೆಯಿತು, ಬೇಸಿಗೆಯೂ ಕಳೆಯಿತು, ಹೀಗೇ ಕೂತೆವು. ಒಂದೊಂದು ದಿನ ಮೀನು ಬೀಳುತ್ತಿರಲಿಲ್ಲ. ಅವರು ಗಾಳ ಸುತ್ತಿಟ್ಟು ದೋಣಿಯ ಅಂಚಿಗೆ ಗದ್ದ ಊರಿ ನೀರೊಳಗೆ ನೋಡುತ್ತಿದ್ದರು. "ಏನ ಕಾಣತೈತ್ರಿ?" ಎಂದರೆ, "ಹೊಸ್ತಿಲ ಕಂಡಂಗಾತು" ಎನ್ನುತ್ತಿದ್ದರು. ಕೆಸರು ನೀರಿನಲ್ಲಿ ಯಾವ ಹೊಸ್ತಿಲು! ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಹೊಸ ಪ್ಲಾಟಿನ ಮನೆಯಲ್ಲಿ ಅವರು ಒಂದು ದಿನವೂ ಕಾಲು ಚಾಚಿ ಕೂತವರಲ್ಲ. ಉಂಡು ಎದ್ದರೆ ದಂಡೆಗೆ ಹೋದರು ಎಂದೇ ಅರ್ಥ. ಊರವರು ಅದನ್ನೆಲ್ಲ ನೋಡಿಟ್ಟುಕೊಂಡಿದ್ದರು, ಆಮೇಲೆ ನನ್ನ ಮುಖಕ್ಕೆ ಹೊಡೆಯಲು.

ಶ್ರಾವಣ ಬಂತು. ಪಂಚಮಿಗೆ ತವರಿಗೆ ಹೋಗದ ಹೆಣ್ಣುಮಗಳನ್ನು ನಮ್ಮ ಕಡೆ ಯಾಕೆ, ಏನು ಎಂದು ಕೇಳಿ ಕೇಳಿ ಸಾಯಿಸುತ್ತಾರೆ. ಹಿಂದಿನ ವರ್ಷ ಊರು ಖಾಲಿ ಮಾಡುವ ಗಡಿಬಿಡಿಯಲ್ಲಿ ನಾನು ಹೋಗಿರಲಿಲ್ಲ. ನನ್ನ ತಮ್ಮ ಕರೆಯಲು ಬಂದ. ಹೊಳೆ ತುಂಬುವ ಕಾಲ, ಇವರೊಬ್ಬರನ್ನೇ ಬಿಟ್ಟು ಹೇಗೆ ಹೋಗುವುದು ಎಂದು ನಾನು ಹಿಂದೆ ಮುಂದೆ ನೋಡಿದೆ.

"ಹೋಗಿ ಬಾ. ನಿಮ್ಮವ್ವ ಹೋದ ವರ್ಷನೂ ಹಾದಿ ನೋಡಿದ್ಲು" ಎಂದರು ಅವರು.

"ನೀವು ಒಬ್ರ ನೀರಿಗೆ ಇಳಿಯೂದಿಲ್ಲ ಅಂದ್ರ ಹೋಗ್ತೀನಿ."

"ಹಬ್ಬದಾಗ ಮೀನಕ್ಕ ಯಾರ ಬರ್ತಾರ? ಹಬ್ಬ ಮುಗೀಲಿ. ನೀ ಸುಮ್ನ ಜೋಕಾಲಿ ಆಡಿ ಬಾ. ಹಾಂ, ನೂಲು ತೀರಾಕ ಬಂದೈತಿ, ದೊಡ್ಡ ಉಂಡಿ ತಗೊಂಡ ಬಾ."

"ತಿನ್ನೂ ಉಂಡಿ ಬ್ಯಾಡೇನ್ರಿ?"

"ಅದೂ ತಾ. ಶೇಂಗಾದ್ದು."

ತಮ್ಮನಿಗೆ ಕಿಸಕ್ಕನೆ ನಗು ಬಂತು. ನಾನು ಲಂಗರು ಹೊರಗೆ ತಂದು, ಹೊಸ ನೂಲು ಬಿಗಿದು, ಜಗ್ಗಿ ನೋಡಿ ಮೂಲೆಗೆ ಇಟ್ಟೆ. ಹಬ್ಬ ಮುಗಿದ ಮೇಲೆ ನಾನು ಬರುವ ತನಕ ಅದು ಸಾಕು ಎಂದುಕೊಂಡೆ. ಬಸ್ಸು ಡಂಬಳ ದಾಟುವಾಗ ಕೆರೆಯ ನೀರು ಕಂಡು, ಈ ಸಲ ಮಳೆ ಚಲೋ ಆಯಿತು ಎಂದು ತಮ್ಮನಿಗೆ ಹೇಳಿದ್ದು ನೆನಪಿದೆ. ಮಲೆನಾಡಿನಲ್ಲಿ ಅದಕ್ಕಿಂತ ಹೆಚ್ಚು ಸುರಿಯುತ್ತಿತ್ತು. ಅದನ್ನು ಬೆಟಗೇರಿಯಲ್ಲಿ ಕೂತವರಿಗೆ ಯಾರು ಹೇಳಬೇಕು.

ಹಾಲೆರೆಯುವ ಹಬ್ಬ ಮುಗಿದಿತ್ತು. ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯನ್ನು ಹುಡುಗಿಯರು ಇನ್ನೂ ಬಿಚ್ಚಿರಲಿಲ್ಲ. "ಒಂದ ಸಲ ಕುಂಡ್ರ ಬಾರ ಅಕ್ಕಾ" ಎಂದು ಎಳೆದು ಕೂಡಿಸಿದರು. ಎಷ್ಟೋ ವರ್ಷಗಳ ಮೇಲೆ ಕೂತಿದ್ದೆ. ಅವ್ವ ಹಿಂದಿನಿಂದ ನೂಕುತ್ತಿದ್ದಳು, ನಾನು ಹುಡುಗಿಯ ಹಾಗೆ ನಗುತ್ತಿದ್ದೆ. ಅಷ್ಟರಲ್ಲಿ ತಮ್ಮ ಮೊಬೈಲು ಕೈಯಲ್ಲಿ ಹಿಡಿದುಕೊಂಡು ಬಂದು ಜೋಕಾಲಿಯ ಹಗ್ಗ ಹಿಡಿದು ನಿಲ್ಲಿಸಿದ. ಅವನ ಮುಖ ನೋಡಿದೆ. ಜೋಕಾಲಿಯಿಂದ ಇಳಿದು ನಿಂತೆ.

"ಹೊಳಿ ಬಂದೈತಂತ ಅಕ್ಕಾ... ಫಕೀರಪ್ಪ ಮಾವ ಇನ್ನೂ ಸಿಕ್ಕಿಲ್ಲಂತ" ಎಂದ.

ನೂಲಿನ ಉಂಡೆ, ಶೇಂಗಾ ಉಂಡೆಯ ಡಬ್ಬಿ ಎರಡನ್ನೂ ಅವ್ವ ಅದಾಗಲೇ ಚೀಲಕ್ಕೆ ಹಾಕಿಟ್ಟಿದ್ದಳು. ಆ ಚೀಲ ಹೇಗೆ ನನ್ನ ಕೈಗೆ ಬಂತೋ ತಿಳಿಯದು, ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲೆ ಅವಚಿಕೊಂಡು ಕೂತಿದ್ದೆ. ದೇವರೇ, ಇವು ಅವರಿಗೆ ಕೊಡಬೇಕಾದವು, ನಾನು ಒಯ್ಯುತ್ತಿದ್ದೇನಲ್ಲ, ಸಿಗದೆ ಎಲ್ಲಿ ಹೋಗುತ್ತಾರೆ ಎಂದು ಹುಚ್ಚಿಯ ಹಾಗೆ ಅಂದುಕೊಳ್ಳುತ್ತಿದ್ದೆ.

ಸಿಕ್ಕರು. ದಂಡೆಯ ಜಾಲಿಯ ಮೆಳೆಯಲ್ಲಿ ಸಿಕ್ಕರು. ಅದನ್ನು ನಾನು ಹೇಳಲಾರೆ.

ನಡೆದದ್ದನ್ನು ಹನುಮಪ್ಪ ಮಾವ ಹೇಳಿದ. ಅವನ ಕಣ್ಣೆದುರೇ ಆಗಿತ್ತು. ಹಬ್ಬ ಮುಗಿದ ಮರುದಿನ ನಮ್ಮವರು ಮೀನಿಗೆ ಹೋಗಿ ಒಳ್ಳೆ ಬೇಟೆ ಮಾಡಿಕೊಂಡು ಬಂದರು. ಅದರ ಮರುದಿನವೂ ಹೋದರು. ಮಧ್ಯಾಹ್ನದ ಹೊತ್ತಿಗೆ ನೀರಿನ ಬಣ್ಣ ತಿರುಗಿ ಕೆಂಪಾಯಿತು, ಸೆಳೆತ ಏರಿತು. ಹೊಳೆ ಬರುತ್ತಿದೆ ಎಂದು ಮೈಕಿನ ಗಾಡಿ ಊರೊಳಗೆ ಕೂಗುತ್ತ ಬಂತು, ಆದರೆ ಇವರಿಬ್ಬರೂ ಆಗಲೇ ನೀರಿನ ಮೇಲಿದ್ದರು. ಮಾವ ತನ್ನ ಲಂಗರು ಬಿಡಿಸಿಕೊಂಡ. ನಮ್ಮವರದು ಸಿಕ್ಕಿಬಿದ್ದಿತ್ತು. ಹಗ್ಗ ಬಿಗಿದು ದೋಣಿಯ ಮೂತಿ ಕೆಳಗೆ ಬಾಗುತ್ತಿತ್ತು.

"ಹಗ್ಗ ಕೊಯ್ಯಲೇ ಫಕೀರಾ ಅಂತ ಒದರಿದೆ, ಯವ್ವಾ" ಎಂದ ಮಾವ. "ಕುಡಗೋಲ ಅವನ ಕಾಲ ಬುಡಕ್ಕ ಇತ್ತು. ಅಂವಾ ಎರಡೂ ಕೈಲೆ ಹಗ್ಗ ಜಗ್ಗತಿದ್ದ. ನನ್ನ ಕಡೆ ಹೊಳ್ಳಿ ನೋಡಿ, ತಡಿ ಮಾವಾ, ನೂಲು ಹರೀತೈತಿ, ಈಗ ಹರೀತೈತಿ ಅಂದ. ಮತ್ತ ಜಗ್ಗಿದ. ಅಷ್ಟರಾಗ ಮೂತಿ ನೀರಾಗ ಹೋತು."

ಇಷ್ಟು ಹೇಳಿ ಮಾವ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ.

ಮಣ್ಣು ಮಾಡಿ ಬಂದ ಮೇಲೆ ಊರಿನ ಬಾಯಿ ಬಿಚ್ಚಿತು. ಕುಡುಗೋಲು ಕಾಲ ಬುಡದಲ್ಲೇ ಇದ್ದವನು ಯಾಕೆ ಕೊಯ್ಯಲಿಲ್ಲ? ಹೊಳೆಯಲ್ಲೇ ಹುಟ್ಟಿ ಬೆಳೆದವನಿಗೆ ಈಜು ಬರಲಿಲ್ಲವೇ? ದಿನಾ ಮನೆಯ ಮೇಲೆ ಕೂತು ನೀರು ನೋಡುತ್ತಿದ್ದನಲ್ಲ. "ಮನಿ ಮ್ಯಾಲಿನ ಹಂಬಲ ಅವನ್ನ ಕರಕೊಂಡ ಹೋತು" ಎಂದರು. ಹೆಂಗಸರು ನೀರು ತರುವಲ್ಲಿ, ಅಂಗಡಿಯ ಕಟ್ಟೆಯಲ್ಲಿ, ನನ್ನ ಕಿವಿಗೆ ಬೀಳುವ ಹಾಗೇ ಅಂದರು. ಒಬ್ಬಳಂತೂ ಸಮಾಧಾನ ಮಾಡಲು ಬಂದವಳು, "ಬ್ಯಾಡಾಗಿತ್ತು ಯವ್ವಾ ಅವಗ, ಬದುಕೂದ ಬ್ಯಾಡಾಗಿತ್ತು. ಹೆಂಡ್ತಿ ಇಲ್ಲದ ಹೊತ್ತ ನೋಡಿ ಹೋದ" ಎಂದಳು. ನಾನು ಎದ್ದು ಅವಳ ಮುಂದೆ ಬಾಗಿಲು ಹಾಕಿಕೊಂಡೆ.

ಬಾಗಿಲು ಹಾಕಿದರೆ ಮಾತು ಹೊರಗೆ ಉಳಿಯುತ್ತದೆಯೇ? ಒಳಗೆ ಬಂದು ಕೂತಿತು. ಸತ್ತರು ಎಂಬ ಸಂಕಟ ಒಂದು ಕಡೆ. ಬೇಕೆಂದೇ ಹೋದರೇ, ನಾನಿಲ್ಲದ ಹೊತ್ತು ನೋಡಿಯೇ ಹೋದರೇ ಎಂಬುದು ಇನ್ನೊಂದು ಕಡೆ. ಮೊದಲಿನದಕ್ಕೆ ಅಳಬಹುದು. ಎರಡನೆಯದಕ್ಕೆ ಅಳುವೂ ಬರುವುದಿಲ್ಲ, ಎದೆ ಸುಟ್ಟುಕೊಂಡು ಹೋಗುತ್ತದೆ. ನನ್ನ ಸಂಸಾರ ಒಂದು ಕಲ್ಲಿನ ಹೊಸ್ತಿಲಿಗಿಂತ ಕಡೆಯಾಯಿತೇ ಎಂದು ಅವರ ಅಂಗಿ ಹಿಡಿದು ಕೇಳುತ್ತಿದ್ದೆ. ಅಂಗಿ ಏನು ಹೇಳೀತು. ನೂಲು ಹರಿಯುತ್ತದೆ ಎಂದು ಅವರೇ ಕೂಗಿದ್ದರಲ್ಲ. ನಾನು ಬಿಗಿದ ನೂಲು ಯಾವತ್ತೂ ಹರಿಯದೆ ಉಳಿದದ್ದಿಲ್ಲ. ಹಾಗಾದರೆ ಆ ದಿನ ಯಾಕೆ ಹರಿಯಲಿಲ್ಲ?

ತಮ್ಮ ಎರಡು ಸಲ ಕರೆಯಲು ಬಂದ. "ಇಲ್ಲೇನ ಐತಿ ಅಕ್ಕಾ, ನಡಿ ಮನಿಗೆ" ಎಂದ. ನೀರು ಇಳಿಯಲಿ, ಬರುತ್ತೇನೆ ಎಂದೆ. ನೀರಿಗೂ ನಿನಗೂ ಏನು ಎಂದು ಅವನು ಸಿಟ್ಟಾದ. ಕೂಲಿಗೆ ಹೋದೆ, ಮೆಣಸಿನಕಾಯಿ ಹರಿದೆ, ಶೇಂಗಾ ಕಿತ್ತೆ, ದಿನಾ ಸಂಜೆ ದಂಡೆಗೆ ಹೋಗಿ ಲೈಟಿನ ಕಂಬ ಎಷ್ಟು ಮೇಲೆ ಬಂತು ಎಂದು ನೋಡಿ ಬಂದೆ. ಜನ ಇವಳಿಗೂ ಆ ಹಂಬಲ ಹಿಡಿಯಿತು ಎಂದರು. ಅನ್ನಲಿ.

ಬೇಸಿಗೆಯಲ್ಲಿ ಹೊಳೆ ಬತ್ತಿತು. ಆ ವರ್ಷ ನೀರು ಬಹಳ ಇಳಿದು ಊರಿನ ಗೋಡೆಗಳ ತಲೆಗಳು ಮೊದಲು ಕಂಡವು, ಆಮೇಲೆ ಓಣಿ ಕಂಡಿತು. ಯುಗಾದಿ ಕಳೆದ ಮೇಲೆ ಹನುಮಪ್ಪ ಮಾವ ಬಂದು ಬಾಗಿಲಲ್ಲಿ ನಿಂತ. "ಹೋಗೂಣೇನವಾ? ಮಣಕಾಲಮಟ ಕೆಸರೈತಿ, ಆದ್ರ ಹೋಗಬಹುದು" ಎಂದ. ನಾನು ಕೇಳದೆಯೇ ಅವನಿಗೆ ತಿಳಿದಿತ್ತು.

ನಮ್ಮ ಓಣಿಯಲ್ಲಿ ನಾನು ಸೀರೆ ಎತ್ತಿ ಕಟ್ಟಿಕೊಂಡು ಕೆಸರು ತುಳಿಯುತ್ತ ನಡೆದೆ. ಎಷ್ಟು ದಿನ ಅದರ ಮೇಲೆ ತೇಲಿದ್ದೆವು. ಎಡಗಡೆಯ ಗೋಡೆ ಪೂರಾ ಬಿದ್ದಿತ್ತು, ಬಲಗಡೆಯದು ಅರ್ಧ ನಿಂತಿತ್ತು. ನಡುವೆ ಹೊಸ್ತಿಲು ತೊಳೆದಿಟ್ಟ ಹಾಗೆ ಕರ್ರಗೆ ಇತ್ತು. ಅದರ ಕೆಳಗಿನ ಮಣ್ಣನ್ನು ನೀರು ಕೊರೆದು ಸಂದಿ ಮಾಡಿತ್ತು. ಆ ಸಂದಿಯಲ್ಲಿ ನಮ್ಮ ಲಂಗರಿನ ಎರಡು ಕೊಕ್ಕೆಗಳು ಕಚ್ಚಿಕೊಂಡಿದ್ದವು. ಓಣಿಯಲ್ಲಿ ಇಳಿಸಿದ್ದನ್ನು ಸೆಳೆತ ಎಳೆದು ತಂದು ಬಾಗಿಲಲ್ಲಿ ಇಟ್ಟಿತ್ತು. ಹರಿದ ಹಗ್ಗ ಕೆಸರಲ್ಲಿ ಬಿದ್ದಿತ್ತು.

ಮಾವ ಬಗ್ಗಿ ಕೈಯಿಂದ ಕೆಸರು ಬಳಿದ. ಬಳಿಯುತ್ತ ಬಳಿಯುತ್ತ ನನ್ನ ಕಡೆ ಹೊರಳಿದ. "ಶಾಂತವ್ವಾ, ಇಲ್ಲಿ ನೋಡು" ಎಂದ.

ಲಂಗರಿನ ಬಳೆಯ ಹತ್ತಿರ, ನಾನು ಎರಡು ಸುತ್ತು ಹಾಕುತ್ತಿದ್ದ ಕಡೆ, ಗುಬ್ಬಿಯ ಗೂಡಿನಷ್ಟು ದಪ್ಪ ನೂಲು ಸುತ್ತಿತ್ತು. ಕೆಸರಲ್ಲಿ ಹೂತಿದ್ದರಿಂದ ಕಪ್ಪಾಗಿತ್ತು, ಕೊಳೆತಿರಲಿಲ್ಲ. ಮನೆಯಲ್ಲಿ ಉಳಿದಿದ್ದ ನೂಲನ್ನೆಲ್ಲ ನಮ್ಮವರು ಅದಕ್ಕೇ ಸುತ್ತಿದ್ದರು. ತುದಿಯಲ್ಲಿ ನಮ್ಮ ಮಗ್ಗದವರ ಗಂಟು ಹಾಕಲು ನೋಡಿದ್ದರು. ಒಮ್ಮೆ ಹಾಕಿ ಜಾರಿತ್ತು, ಮತ್ತೊಮ್ಮೆ ಹಾಕಿದ್ದರು, ಅದೂ ನಿಲ್ಲದೆ ಅದರ ಮೇಲೆ ಮತ್ತೆ ಸುತ್ತು, ಮತ್ತೆ ಗಂಟು. ಕೊನೆಗೆ ಎಮ್ಮೆಯನ್ನು ಗೂಟಕ್ಕೆ ಕಟ್ಟುವ ಗಂಟು ಹಾಕಿ ಬಿಟ್ಟಿದ್ದರು.

ಮಾವ ಒಂದೊಂದೇ ನೆನಪು ಮಾಡಿಕೊಂಡು ಹೇಳಿದ. "ಮೊದಲನೇ ದಿನ ನೀ ಕಟ್ಟಿಟ್ಟ ಹೋಗಿದ್ದ ನೂಲ ಇತ್ತು. ಚಂದಾಗಿ ಹರದ ಬಂತು, ಶಾಂತಾನ ಕೈ ಅಂದ್ರ ಹಿಂಗ ನೋಡ ಮಾವಾ ಅಂದಿದ್ದ. ಮರುದಿನ ತಾನ ಕಟ್ಟಿಕೊಂಡ ಬಂದಿರಬೇಕವಾ. ಹುಟ್ಟ ಹಿಡಿಯಾಕ ನೀ ಇರಲಿಲ್ಲ. ನೂಲ ಹರದ ಲಂಗರ ಜಾರಿದ್ರ ಒಬ್ಬನ ಹ್ಯಾಂಗ ತಡೀಲಿ ಅಂತ ಬಿಗಿ ಸುತ್ಯಾನ."

ನಾನು ಹೊಸ್ತಿಲ ಮೇಲೆ ಕೂತೆ. ಮದುವೆಯಾಗಿ ಬಂದ ದಿನ ಸೇರು ಒದ್ದು ಒಳಗೆ ಹೋದ ಹೊಸ್ತಿಲು. ನನ್ನ ಕೈ ಇಲ್ಲದ ಕಡೆ ಅವರು ಇಷ್ಟು ನೂಲು ಸುತ್ತಿದ್ದರು. ಸಾಯಲು ಹೊರಟವನು ಲಂಗರು ಜಾರೀತು ಎಂದು ಹೆದರುತ್ತಾನೆಯೇ? ಮೀನು ಹಿಡಿದು ಮನೆಗೆ ಬರಬೇಕೆಂದು ಹೊರಟಿದ್ದರು. ನಾನು ಬೆಟಗೇರಿಯಿಂದ ಬರುತ್ತೇನೆ, ಬಂದಾಗ ಮನೆಯಲ್ಲಿ ಸಾರು ಇರಲಿ ಎಂದು ಹೊರಟಿದ್ದರು. ತಡಿ ಮಾವಾ, ಹರೀತೈತಿ ಎಂದು ಖರೇನೇ ನಂಬಿ ಜಗ್ಗಿದ್ದರು. ಎಷ್ಟು ಸುತ್ತು ಹಾಕಿದೆ ಎಂಬುದು ಆ ಗಡಿಬಿಡಿಯಲ್ಲಿ ಅವರ ನೆನಪಿಗೇ ಬರಲಿಲ್ಲ. ನೂಲು ಎಂದರೆ ಅವರಿಗೆ ನನ್ನ ನೂಲು, ಜಗ್ಗಿದರೆ ಹರಿಯುವ ನೂಲು.

ಆ ಗೂಡಿನಿಂದ ಒಂದು ಎಳೆ ಹಿಡಿದು ಎಳೆದೆ. ಬೆರಳಲ್ಲೇ ಪಟ್ಟನೆ ಹರಿಯಿತು. ಇನ್ನೊಂದು ಎಳೆದೆ, ಅದೂ ಹರಿಯಿತು. ಎಂಟು ತಿಂಗಳು ಬರದಿದ್ದ ಅಳು ಆಗ ಬಂತು. ಬಾಯಿ ಬಿಟ್ಟು, ಓಣಿ ತುಂಬ ಕೇಳುವ ಹಾಗೆ ಅತ್ತೆ. ಆ ಓಣಿಯಲ್ಲಿ ಕೇಳಲು ಯಾರೂ ಇರಲಿಲ್ಲ. ಮಾವ ಸ್ವಲ್ಪ ದೂರ ಹೋಗಿ ತನ್ನ ಮನೆಯ ಮುರುಕು ಗೋಡೆಗೆ ಮುಖ ಮಾಡಿ ನಿಂತಿದ್ದ.

ಸಂಜೆ ಊರಿಗೆ ಬಂದು ಮಾವ ಅಂಗಡಿಯ ಕಟ್ಟೆಯ ಮೇಲೆ ಆ ಲಂಗರು ಇಟ್ಟ. "ನೋಡ್ರಿ ಎಲ್ಲಾರೂ. ಹಂಬಲ ಹಂಬಲ ಅಂತಿದ್ರಲ್ಲ, ಕಣ್ಣ ಬಿಟ್ಟ ನೋಡ್ರಿ. ಮನಿಗೆ ಬರೂ ಮನಷ್ಯಾ ಕಟ್ಟಿದ್ದಿದು" ಎಂದು ಗದರಿದ. ಸಮಾಧಾನ ಮಾಡಲು ಬಂದು ನನ್ನಿಂದ ಬಾಗಿಲು ಹಾಕಿಸಿಕೊಂಡಿದ್ದ ಆ ಹೆಂಗಸು ಬಂದು ನನ್ನ ಕೈ ಹಿಡಿದು ಕೂತಳು. ನಾನು ಬಿಡಿಸಿಕೊಳ್ಳಲಿಲ್ಲ. ಮುಂದಿನ ವಾರ ತಮ್ಮನಿಗೆ ಫೋನು ಮಾಡಿಸಿ ಬೆಟಗೇರಿಗೆ ಬಂದೆ. ಲಂಗರನ್ನು ಮಾವನಿಗೆ ಕೊಟ್ಟೆ, ಅವನು ಅದನ್ನೇ ಈಗಲೂ ಹಾಕುತ್ತಾನೆ. ನೂಲು ಮಾತ್ರ ಬಿಚ್ಚಿ ತಂದಿದ್ದೇನೆ.

ಗಟ್ಟಿ ಉತ್ತರ ಸಿಕ್ಕಿತಲ್ಲ, ಇನ್ನಾದರೂ ಸಮಾಧಾನ ಮಾಡಿಕೋ ಎಂದು ಅವ್ವ ಅನ್ನುತ್ತಾಳೆ. ಅವರು ನನ್ನನ್ನು ಬಿಟ್ಟು ಹೋಗಲಿಲ್ಲ ಎಂಬುದು ತಿಳಿಯಿತು, ಸರಿ. ತಿಳಿದ ಮೇಲೆ ಮೊದಲಿಗಿಂತ ಹೆಚ್ಚು ಬೇಕೆನಿಸುತ್ತಾರಲ್ಲ, ಅದಕ್ಕೆ ಅವ್ವನ ಹತ್ತಿರ ಔಷಧವಿಲ್ಲ.

ಇವತ್ತು ಬೆಳಿಗ್ಗೆ ಶಾಪ ಹಾಕಿದ ಆ ಹುಡುಗಿ ಆಮೇಲೆ ಹರಿದ ಎಳೆ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಹೊಸಬಳು, ಮದುವೆಯಾಗಿ ಬಂದು ಇನ್ನೂ ವರ್ಷವಾಗಿಲ್ಲ. "ದೊಡ್ಡವ್ವಾ, ನನ್ನ ಗಂಟ ನಿಲ್ಲವಲ್ದು, ಜಾರತೈತಿ. ಒಂದೀಟ ಹಾಕಿ ಕೊಡ್ರಿ" ಎಂದಳು.

"ಕಲೀಬೇಕವಾ ತಂಗಿ" ಎಂದೆ.

"ನೀವ ಇದ್ದೀರಲ್ಲರೀ" ಎಂದು ನಕ್ಕಳು.

ಅವಳನ್ನು ಕೈ ಹಿಡಿದು ಪಕ್ಕದಲ್ಲಿ ಕೂಡಿಸಿಕೊಂಡೆ. ಅವಳ ಬೆರಳ ಮೇಲೆ ನನ್ನ ಬೆರಳಿಟ್ಟು, ಎರಡು ಸುತ್ತು, ಒಂದು ಮಡಿಕೆ, ಮತ್ತೆ ಎರಡು ಸುತ್ತು, ಒಂದು ಮಡಿಕೆ ಎಂದು ಹೇಳಿಸಿದೆ. ಜಾರಿತು. ಮತ್ತೆ ಹಾಕಿಸಿದೆ. ಒಲೆಯ ಮೇಲಿನ ಹಾಲು ಉಕ್ಕಿತು, ಬಿಡಲಿಲ್ಲ. ಗಂಟು ನಿಂತು, ಜಗ್ಗಿದರೆ ಹರಿದು, ಮತ್ತೆ ಅವಳೇ ಹಾಕಿ, ಅದೂ ನಿಲ್ಲುವ ತನಕ ನಾನು ಅವಳನ್ನು ಎದ್ದು ಹೋಗಲು ಬಿಡಲಿಲ್ಲ.